ಆಪರೇಷನ್ ಆದಮೇಲಿನ ನೋವು: ಸೂಜಿಯ ಜೊತೆಗೆ ದಿಂಬು, ಉಸಿರು, ನಡಿಗೆಯನ್ನೂ ವಾರ್ಡಿನ ರೂಢಿಗೆ ತರುವುದು ಹೇಗೆ?

"ಸಿಸ್ಟರ್, ಒಂದ್ ಸೂಜಿ ಹಾಕ್ರಿ, ಭಾಳ ನೂಸ್ಲಾಕತ್ತದ."

"ಆಪರೇಷನ್ ಅಂದಮ್ಯಾಲ ನೂಸ್ತದ್ರಿ, ಸ್ವಲ್ಪ ತಡಕೋರಿ."

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಯಾವ ಸರ್ಜರಿ ವಾರ್ಡಿಗೆ ಹೋದರೂ ಈ ಎರಡು ಮಾತು ಕಿವಿಗೆ ಬೀಳುತ್ತವೆ. ಸೂಜಿಗೂ 'ತಡಕೋರಿ'ಗೂ ನಡುವೆ ಮಾಡಬಹುದಾದ ಕೆಲಸ ಸಾಕಷ್ಟಿದೆ. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯೋದು, ಮಗ್ಗುಲಾಗಿ ಏಳೋದು, ನಿಧಾನ ಉಸಿರು, ತಣ್ಣನೆ ಪ್ಯಾಕ್, ಬೇಗ ಎಬ್ಬಿಸಿ ನಡೆಸೋದು, ಹಾಡು ಕೇಳಿಸೋದು. ಇವು ಸಿಬ್ಬಂದಿಗೆ ಗೊತ್ತಿಲ್ಲ ಅಂತಲ್ಲ. ನರ್ಸಿಂಗ್ ಕಲಿಯುವಾಗ ಎಲ್ಲರೂ ಓದಿದ್ದಾರೆ. ಆದರೂ ವಾರ್ಡಿನಲ್ಲಿ ನಡೆಯೋದಿಲ್ಲ.

ಯಾಕೆ? ಒಂದು ಇಂಜೆಕ್ಷನ್ ಹೇಗೆ ನಡೆಯುತ್ತೆ ನೋಡಿ. ಅದಕ್ಕೆ ಡಾಕ್ಟರ ಆರ್ಡರ್ ಇರುತ್ತೆ. ಸಾಮಾನು ಟ್ರೇಯಲ್ಲೇ ಇರುತ್ತೆ. ಕೊಟ್ಟಮೇಲೆ ಟೈಮ್ ಬರೆದು ಸಹಿ ಹಾಕೋ ಜಾಗ ಇರುತ್ತೆ. ಕೊಡದಿದ್ದರೆ ಬೆಳಗ್ಗೆ ರೌಂಡ್ಸಿನಲ್ಲಿ ಕೇಳುವವರಿರುತ್ತಾರೆ. ದಿಂಬಿಗೆ ಈ ನಾಲ್ಕರಲ್ಲಿ ಒಂದೂ ಇಲ್ಲ. ಹಾಗಾಗಿ ಸಿಬ್ಬಂದಿಗೆ ಭಾಷಣ ಮಾಡಿ ಉಪಯೋಗವಿಲ್ಲ. ಆ ನಾಲ್ಕನ್ನೂ ಒದಗಿಸಬೇಕು. ವಾರ್ಡ್ ಇನ್‌ಚಾರ್ಜ್, ನರ್ಸಿಂಗ್ ಸೂಪರಿಂಟೆಂಡೆಂಟ್, ನರ್ಸಿಂಗ್ ಟ್ಯೂಟರ್ ಇವರಿಗಾಗಿ ಬರೆದ ಮಾರ್ಗದರ್ಶಿ ಇದು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೂ ಆಗುತ್ತೆ, ತಾಲೂಕು ಆಸ್ಪತ್ರೆಗೂ ಆಗುತ್ತೆ.

ಹಂತ 1: ಇದು ಔಷಧದ ಜೊತೆಗೆ, ಔಷಧದ ಬದಲಿಗೆ ಅಲ್ಲ

ಇದನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಿ, ಬರೆದು ಅಂಟಿಸಿ. ಹೊಟ್ಟೆ ಕೊಯ್ದು ಆಪರೇಷನ್ ಮಾಡಿಸಿಕೊಂಡವರಿಗೆ ಬರೀ ಹಾಡು, ಬರೀ ಉಸಿರಾಟ ಸಾಲದು. ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಬೀಳಬೇಕು. ಬೇಕಾದವರಿಗೆ ಟ್ರಮಡಾಲ್ ಅಥವಾ ಮಾರ್ಫಿನ್‌ನಂಥ ಬಲವಾದ ನೋವಿನ ಔಷಧ ಸಿಗಬೇಕು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಬಂದಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ತರಿಸೋ ನಿಯಮ ಸರಳವಾಗಿದೆ. "ಮಾರ್ಫಿನ್ ಇಲ್ಲ, ಅದಕ್ಕೇ ಇದು" ಅಂತ ಶುರು ಮಾಡಿದರೆ ಇಡೀ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತೆ, ಬರಲೇಬೇಕು ಕೂಡ.

ಹಾಗಾದರೆ ಲಾಭ ಏನು? ಔಷಧ ಮುಟ್ಟದ ಕಡೆ ಇವು ಮುಟ್ಟುತ್ತವೆ. ಮಲಗಿದಾಗ ಸುಮ್ಮನಿದ್ದ ನೋವು ಕೆಮ್ಮಿದಾಗ, ಎದ್ದಾಗ ಜಾಸ್ತಿಯಾಗುತ್ತೆ. ಅಲ್ಲಿ ದಿಂಬಿನ ಕೆಲಸ. ಟ್ರಮಡಾಲ್ ಕೆಲವರಿಗೆ ವಾಂತಿ ತರುತ್ತೆ, ವಾಂತಿ ಬಂದಾಗ ಹೊಲಿಗೆ ಎಳೆದು ಮತ್ತೆ ನೋವು. ಏಪ್ರಿಲ್ ಮೇ ಬಿಸಿಲಿನಲ್ಲಿ ನೀರು ಕಡಿಮೆಯಾದ ಮೈಗೆ, ಅದರಲ್ಲೂ ಬಿಪಿ, ಶುಗರ್ ಇರುವ ವಯಸ್ಸಾದವರಿಗೆ, ನೋವಿನ ಔಷಧ ಡೈಕ್ಲೋಫೆನಾಕ್ ಮೇಲೆ ಡೈಕ್ಲೋಫೆನಾಕ್ ಬಿದ್ದರೆ ಕಿಡ್ನಿಗೆ ಪೆಟ್ಟು. ಕಡಿಮೆ ಡೋಸಿನಲ್ಲಿ ಜಾಸ್ತಿ ಆರಾಮ ಸಿಕ್ಕರೆ ಯಾರು ಬೇಡ ಅಂತಾರೆ?

ಇನ್ನೊಂದು ಎಚ್ಚರ. ನೋವು ಒಮ್ಮೆಲೇ ಏರಿದರೆ, ಆಪರೇಷನ್ನಿಗೆ ಹೊಂದದಷ್ಟು ಜಾಸ್ತಿ ಇದ್ದರೆ ಮೊದಲು ಕಾರಣ ಹುಡುಕಬೇಕು. ಮೂತ್ರದ ನಳಿಕೆ ಮಡಚಿದೆಯಾ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿದೆಯಾ, ಜ್ವರ ಇದೆಯಾ, ಉಸಿರು ಸಿಗ್ತಿಲ್ವಾ, ಒಂದೇ ಕಾಲಿನ ಮೀನಖಂಡ ಊದಿದೆಯಾ ನೋಡಿ. ಪ್ಲಾಸ್ಟರ್ ಹಾಕಿದ ಕಾಲಿನ ಬೆರಳನ್ನು ನೀವು ಮೆಲ್ಲಗೆ ಎತ್ತಿದರೂ ರೋಗಿ ಚೀರಿದರೆ ಐಸ್ ಇಟ್ಟು ಕೂರಬೇಡಿ, ತಕ್ಷಣ ಡಾಕ್ಟರನ್ನು ಕರೆಸಿ. ಒಳಗೆ ಒತ್ತಡ ಏರಿ ಸ್ನಾಯು ಸಾಯುತ್ತಿರಬಹುದು.

ಹಂತ 2: ಒಂದು ವಾರ್ಡ್, ಮೂರೇ ಉಪಾಯ

ಇಡೀ ಆಸ್ಪತ್ರೆಗೆ ಒಮ್ಮೆಲೇ ಸುತ್ತೋಲೆ ಹೊರಡಿಸಬೇಡಿ. ಒಂದು ವಾರ್ಡ್ ಆರಿಸಿಕೊಳ್ಳಿ. ಸಿಜೇರಿಯನ್ ವಾರ್ಡ್ ಒಳ್ಳೆಯದು. ಅಲ್ಲಿ ಆಪರೇಷನ್ ಹೆಚ್ಚೂಕಡಿಮೆ ಒಂದೇ ತರಹ, ತಾಯಂದಿರ ವಯಸ್ಸು ಚಿಕ್ಕದು, ಕೂಸಿಗೆ ಹಾಲು ಕೊಡಬೇಕಾದ್ದರಿಂದ ಬೇಗ ಏಳುವ ಆಸೆಯೂ ಇರುತ್ತೆ. ಅಲ್ಲಿ ಮೂರೇ ಉಪಾಯ: ದಿಂಬು ಹಿಡಿದು ಕೆಮ್ಮೋದು, ಮಗ್ಗುಲಾಗಿ ಏಳೋದು, ನಿಧಾನ ಉಸಿರು. ಇವಕ್ಕೆ ದುಡ್ಡು ಬೇಡ, ಕರೆಂಟ್ ಬೇಡ, ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ದಿಂಬು ಹಿಡಿಸೋದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಅರ್ಧಂಬರ್ಧ ಮಾಡಿಸುವುದೇ ಜಾಸ್ತಿ. ತಲೆ ಕಡೆ ಹಾಸಿಗೆ ಸ್ವಲ್ಪ ಎತ್ತಿ. ಹ್ಯಾಂಡಲ್ ತಿರುಗಿಸುವ ಮಂಚ ಇಲ್ಲದಿದ್ದರೆ ಬೆನ್ನಿಗೆ ಎರಡು ದಿಂಬು ಕೊಡಿ. ಮೊಣಕಾಲು ಮಡಚಿಸಿ. ಆಗ ಹೊಟ್ಟೆಯ ಸ್ನಾಯು ಸಡಿಲವಾಗಿ ಹೊಲಿಗೆಯ ಎಳೆತ ಕಮ್ಮಿಯಾಗುತ್ತೆ. ಗಟ್ಟಿ ದಿಂಬೊಂದನ್ನು ಗಾಯದ ಪೂರ್ತಿ ಉದ್ದಕ್ಕೆ ಮುಚ್ಚುವ ಹಾಗೆ ಇಡಿ. ದಿಂಬು ಇಲ್ಲದಿದ್ದರೆ ಮಡಚಿದ ಹೊದಿಕೆ ನಡೆಯುತ್ತೆ. ರೋಗಿ ಎರಡೂ ಅಂಗೈ ಅದರ ಮೇಲಿಟ್ಟು, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ದಿಂಬನ್ನು ಒಳಕ್ಕೆ ಒತ್ತುತ್ತಾ ಕೆಮ್ಮಬೇಕು. ಕೆಮ್ಮಿದಮೇಲೆ ಒತ್ತುವುದಲ್ಲ, ಕೆಮ್ಮುವ ಮೊದಲೇ ಒತ್ತಿರಬೇಕು. ಇಡೀ ಉಪಾಯ ಅಷ್ಟರಲ್ಲೇ ಇದೆ. ಸೀನುವಾಗ, ನಗುವಾಗ, ವಾಂತಿ ಬಂದಾಗಲೂ ಇದೇ.

ಏಳುವಾಗ ನೇರಕ್ಕೆ ಎದ್ದು ಕೂರೋದು ಬೇಡ. ರೋಗಿಯ ಕಡೆಯವರು ಎರಡೂ ಕೈ ಹಿಡಿದು ಮುಂದಕ್ಕೆ ಎಳೆಯೋದನ್ನಂತೂ ನಿಲ್ಲಿಸಿ. ಮೊಣಕಾಲು ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ಹೊರಳಿಸಿ ಮಗ್ಗುಲಾಗಬೇಕು. ಕಾಲು ಮಂಚದಿಂದ ಕೆಳಗೆ ಇಳಿಬಿಡುತ್ತಾ, ಮೊಣಕೈ ಊರಿ, ಉಸಿರು ಹೊರಬಿಡುತ್ತಾ ಏಳಬೇಕು. ಕೂತಮೇಲೆ ಒಂದೆರಡು ನಿಮಿಷ ಹಾಗೇ ಇರಲಿ. ತಲೆ ಸುತ್ತು ಬರಲಿಲ್ಲ ಅಂದಮೇಲೆ ನಿಲ್ಲಿಸಿ.

ಉಸಿರು ಸುಲಭ. ಮೂಗಿನಿಂದ 4 ಎಣಿಸುವಷ್ಟು ಒಳಗೆ, ಬಾಯಿಂದ 6 ಎಣಿಸುವಷ್ಟು ಹೊರಗೆ. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಹತ್ತು ಸಲ. ಶ್ವಾಸಕೋಶದ ತಳಕ್ಕೆ ಗಾಳಿ ಹೋಗಿ ಕಫ ಕಟ್ಟೋದೂ ತಪ್ಪುತ್ತೆ.

ನಾಲ್ಕನೆಯದು ಬೇಕೆಂದರೆ ನಡಿಗೆ. ಆದರೆ ಗುಳಿಗೆ ಕೊಟ್ಟು ಮುಕ್ಕಾಲು ಗಂಟೆಯ ನಂತರ. ಔಷಧ ಹತ್ತಿದ ಹೊತ್ತಿಗೆ ನಡೆಸಿದರೆ ರೋಗಿಗೆ ಧೈರ್ಯ ಬರುತ್ತೆ. ನೋವಿನ ಉತ್ತುಂಗದಲ್ಲಿ ಎಬ್ಬಿಸಿದರೆ ಎರಡನೇ ಸಲ ಏಳೋಕೇ ಒಪ್ಪಲ್ಲ. ಹೊಟ್ಟೆ ಉಬ್ಬರದ ನೋವಿಗಂತೂ ನಡಿಗೆ ಬೇಕೇ ಬೇಕು. ದೂರಬೀನು (ಲ್ಯಾಪರೋಸ್ಕೋಪಿ) ಆಪರೇಷನ್ ಆದವರಿಗೆ ಭುಜ ನೋಯುತ್ತೆ. ಹೊಟ್ಟೆಗೆ ತುಂಬಿದ ಗ್ಯಾಸ್ ಎದೆ ಮತ್ತು ಹೊಟ್ಟೆ ನಡುವಿನ ಪರದೆಯನ್ನು ಕೆಣಕೋದರಿಂದ ಹಾಗಾಗುತ್ತೆ. ಮೊದಲೇ ಹೇಳಿರದಿದ್ದರೆ ಮನೆಯವರು "ಹಾರ್ಟ್ ಅಟ್ಯಾಕ್" ಅಂತ ಗಾಬರಿ ಬೀಳ್ತಾರೆ. ವಯಸ್ಸಾದವರಲ್ಲಿ ಹೃದಯದ ತೊಂದರೆ ಅಲ್ಲ ಅಂತ ಡಾಕ್ಟರ್ ಖಚಿತ ಮಾಡಿಕೊಂಡೇ ಮುಂದಿನ ಮಾತು.

ಹಂತ 3: ಸಾಮಾನು ಕೈಗೆ ಸಿಗುವ ಹಾಗಿರಲಿ

ಪ್ರತಿ ಮಂಚಕ್ಕೆ ತಲೆದಿಂಬಲ್ಲದೆ ಇನ್ನೊಂದು ಸಣ್ಣ ಗಟ್ಟಿ ದಿಂಬು ಬೇಕು, ಒರೆಸಿ ಸ್ವಚ್ಛ ಮಾಡೋಕೆ ಆಗುವ ರೆಕ್ಸಿನ್ ಹೊದಿಕೆಯದ್ದು. ಇಂಡೆಂಟ್ ಹಾಕಿ ತಿಂಗಳುಗಟ್ಟಲೆ ಕಾಯುವ ಬದಲು ರೋಗಿಯ ಕಡೆಯವರಿಗೇ ಅಡ್ಮಿಶನ್ ದಿನ "ಮನಿಯಿಂದ ಒಂದು ಸಣ್ಣ ತಲಿದಿಂಬು ತರ್ರಿ" ಅಂದರೆ ತರ್ತಾರೆ. ಒಗೆದ ಕವರ್ ಹಾಕಿರಲಿ ಅನ್ನಿ.

ತಣ್ಣನೆ ಪ್ಯಾಕ್ ಮೂಳೆ, ಮೊಣಕಾಲು ಆಪರೇಷನ್ ವಾರ್ಡಿನಲ್ಲಿ ಹೆಚ್ಚು ಉಪಯೋಗ. ಕೈಗವಸಿಗೆ ಮುಕ್ಕಾಲು ನೀರು ತುಂಬಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟರೆ ಆಯ್ತು. ಆದರೆ ಲಸಿಕೆ ಇಡುವ ಫ್ರಿಜ್ (ಐಎಲ್ಆರ್) ಮುಟ್ಟಬೇಡಿ. ಅದು ಲಸಿಕೆಗೆ ಮಾತ್ರ, ಸುಮ್ಮನೆ ಬಾಗಿಲು ತೆಗೆದು ಹಾಕಿದರೂ ತಾಪಮಾನ ಏರುಪೇರಾಗುತ್ತೆ. ಒಣ ಬಟ್ಟೆ ಸುತ್ತಿ, 15ರಿಂದ 20 ನಿಮಿಷ ಇಡಿ. ಐದು ನಿಮಿಷಕ್ಕೊಮ್ಮೆ ಚರ್ಮ ನೋಡಿ. ಬೆನ್ನಿನ ಅರಿವಳಿಕೆ ಇನ್ನೂ ಇಳಿಯದ ಕಾಲಿಗೆ, ಶುಗರಿನಿಂದ ಸ್ಪರ್ಶ ಹೋದ ಪಾದಕ್ಕೆ, ಚರ್ಮ ಕಸಿ ಮಾಡಿದ ಜಾಗಕ್ಕೆ ಇಡಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಪ್ಯಾಕ್ ಬೇಗ ಕರಗುತ್ತೆ. ಒಬ್ಬರಿಗೆ ಎರಡು ಇಟ್ಟುಕೊಂಡರೆ ಸರಿ.

ಫಿಸಿಯೋಥೆರಪಿ ವಿಭಾಗ ಇರುವ ಕಡೆ ಟೆನ್ಸ್ ಯಂತ್ರ ಇರುತ್ತೆ, ಸಣ್ಣ ಕರೆಂಟಿನ ಗುಳುಗುಳು ಕೊಟ್ಟು ನೋವು ತಗ್ಗಿಸುವಂಥದ್ದು. ಪ್ಯಾಡನ್ನು ಗಾಯದ ಮೇಲಲ್ಲ, ಪಕ್ಕದ ಒಳ್ಳೆ ಚರ್ಮದ ಮೇಲೆ ಅಂಟಿಸಬೇಕು. ಪೇಸ್‌ಮೇಕರ್ ಇದ್ದವರಿಗೆ ಬೇಡ. ಇದನ್ನು ಫಿಸಿಯೋಗಳ ಕೈಗೇ ಬಿಡಿ.

ಹಂತ 4: ನೋವು ಕೇಳೋದನ್ನು ಕಲಿಸಿ

ಸೊನ್ನೆಯಿಂದ ಹತ್ತರ ಅಳತೆ ಪುಸ್ತಕದಲ್ಲಿ ಚೆನ್ನಾಗಿದೆ. ಆಳಂದ ಕಡೆಯ ಮುತ್ಯಾನಿಗೆ "ಹತ್ತರಾಗ ಎಷ್ಟ್ರಿ?" ಅಂದರೆ "ಭಾಳ ಅದ ಯವ್ವಾ" ಅಂತಾನೆ, ಮುಗೀತು. ಅದೇ "ಮುತ್ಯಾ, ರೂಪಾಯಿದಾಗ ಎಷ್ಟಾಣೆ ನೂಸ್ಲಾಕತ್ತದ?" ಅಂತ ಕೇಳಿ ನೋಡಿ. "ಮುಂಜಾನಿ ಹನ್ನೆರಡಾಣೆ ಇತ್ತು, ಈಗ ನಾಕಾಣೆ ಉಳದದ" ಅನ್ನೋ ಉತ್ತರ ಸಿಗುತ್ತೆ. ನಾಲ್ಕಾಣೆ ಅಂದರೆ ಕಡಿಮೆ, ಎಂಟಾಣೆ ಮಧ್ಯಮ, ಹನ್ನೆರಡಾಣೆ ಮತ್ತು ಮೇಲೆ ಜಾಸ್ತಿ ಅಂತ ವಾರ್ಡಿನಲ್ಲಿ ಒಂದೇ ಲೆಕ್ಕ ಇಟ್ಟುಕೊಳ್ಳಿ. ಹರೆಯದವರಿಗೆ ಹತ್ತರ ಅಳತೆ ಸಾಕು. ಮೂರು ವರ್ಷ ದಾಟಿದ ಮಕ್ಕಳಿಗೆ ನಗುಮುಖ ಅಳುಮುಖದ ಚಿತ್ರ ತೋರಿಸಬಹುದು. ಇನ್ನೂ ಚಿಕ್ಕ ಮಕ್ಕಳಲ್ಲಿ ಮುಖ, ಕಾಲು, ಅಳು ನೋಡಿ ತಿಳಿಯಬೇಕು. ಅವ್ವನ ಮಡಿಲೇ ಅವರಿಗೆ ಮೊದಲ ಔಷಧ, ಮಗುವನ್ನು ಎತ್ತಿಕೊಳ್ಳೋಕೆ ಬಿಡಿ.

ನಮ್ಮ ವಾರ್ಡುಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತಾಡುವವರೂ ಇರ್ತಾರೆ. ನೋವು ಕೇಳುವ ಒಂದು ಪ್ರಶ್ನೆಯನ್ನಾದರೂ ಈ ಐದೂ ಭಾಷೆಯಲ್ಲಿ ಕನ್ನಡ ಲಿಪಿಯಲ್ಲಿ ಬರೆದು ನರ್ಸಿಂಗ್ ಸ್ಟೇಷನ್ನಿನಲ್ಲಿ ಹಚ್ಚಿ. ತಾಂಡಾದಿಂದ ಬಂದ ಆಯಾ, ಉರ್ದು ಬರುವ ವಾರ್ಡ್‌ಬಾಯ್ ಇವರ ಹತ್ತಿರವೇ ಬರೆಸಿ. ಕೆಲಸ ತಮ್ಮದೂ ಹೌದು ಅಂತ ಅವರಿಗೂ ಅನಿಸುತ್ತೆ.

ಕೇಳುವಾಗ ಮಲಗಿದ್ದಾಗ ಎಷ್ಟು ಅಂತ ಮಾತ್ರ ಕೇಳಬೇಡಿ. ಕೆಮ್ಮಿದಾಗ ಎಷ್ಟು, ಮಗ್ಗುಲಾದಾಗ ಎಷ್ಟು ಅಂತ ಕೇಳಿ. ಮಲಗಿದ್ದವರು "ಆರಾಮ ಅದ್ರಿ" ಅಂತಲೇ ಹೇಳ್ತಾರೆ, ಆಮೇಲೆ ನೋವಿಗೆ ಹೆದರಿ ಕೆಮ್ಮೋದೇ ಇಲ್ಲ.

ಹಂತ 5: ಆರ್ಡರ್ ಶೀಟಿಗೆ ಬರಲಿ, ಚಾರ್ಟಿನಲ್ಲಿ ಜಾಗ ಸಿಗಲಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಸರ್ಜನ್ ಮತ್ತು ಅರಿವಳಿಕೆ ಡಾಕ್ಟರ್ ಜೊತೆ ಕೂತು ಆಪರೇಷನ್ ನಂತರದ ಆರ್ಡರಿನಲ್ಲಿ ಮೂರು ಸಾಲು ಸೇರಿಸಿ: "ಕೆಮ್ಮುವಾಗ ದಿಂಬು. ಗಂಟೆಗೊಮ್ಮೆ ಹತ್ತು ಆಳ ಉಸಿರು. ಇಂಥ ಹೊತ್ತಿಗೆ ಮಂಚದಿಂದ ಎಬ್ಬಿಸಿ." ಎಬ್ಬಿಸುವ ಹೊತ್ತು ಆಯಾ ಆಪರೇಷನ್ನಿಗೆ ತಕ್ಕಂತೆ ಡಾಕ್ಟರೇ ಬರೆಯಲಿ. ರಬ್ಬರ್ ಸ್ಟಾಂಪ್ ಮಾಡಿಸಿದರೆ ಇನ್ನೂ ಸಲೀಸು. ಬರೆಯೋಕೆ ಬೇಜಾರು ಪಡುವ ಡಾಕ್ಟರೂ ಸ್ಟಾಂಪ್ ಒತ್ತೋಕೆ ಬೇಡ ಅನ್ನೋದಿಲ್ಲ.

ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟಿನಲ್ಲಿ ಪಲ್ಸ್, ಬಿಪಿ ಕೆಳಗೆ ಎರಡು ಗೆರೆ ಎಳೆಯಿರಿ. ಒಂದು ನೋವು, ಇನ್ನೊಂದು ಏನು ಮಾಡಿದೆವು. ದಿಂಬಿಗೆ 'ದಿಂ', ಉಸಿರಿಗೆ 'ಉ', ಐಸಿಗೆ 'ಐ', ನಡಿಗೆಗೆ 'ನ'. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ ನೋವು ಬರೆಯಬೇಕು. ಹೊಸ ರಿಜಿಸ್ಟರ್ ಮಾತ್ರ ಬೇಡವೇ ಬೇಡ. ಈಗಾಗಲೇ ರಿಜಿಸ್ಟರ್ ತುಂಬಿಸಿ ತುಂಬಿಸಿ ಕೈ ಸೋತಿದೆ, ಅಲ್ವಾ?

ಹಂತ 6: ಕಲಿಸೋದು ಡ್ಯೂಟಿ ಬದಲಾಗುವ ಹೊತ್ತಿನಲ್ಲಿ, ಹತ್ತೇ ನಿಮಿಷ

ಸೆಮಿನಾರ್ ಹಾಲಿಗೆ ಕರೆದು ಸ್ಲೈಡ್ ತೋರಿಸಿದರೆ ಅರ್ಧ ಜನ ಬರಲ್ಲ, ಬಂದವರು ಫೋನ್ ನೋಡ್ತಾರೆ. ಅದರ ಬದಲು ಹ್ಯಾಂಡೋವರ್ ಮುಗಿದ ಕೂಡಲೇ ಖಾಲಿ ಮಂಚದ ಹತ್ತಿರ ನಿಲ್ಲಿಸಿ. ಒಬ್ಬ ಸಿಸ್ಟರನ್ನು ಮಲಗಿಸಿ. ಮೊದಲು ಹೊಟ್ಟೆ ಮೇಲೆ ಕೈ ಇಲ್ಲದೆ ಜೋರಾಗಿ ಕೆಮ್ಮಲಿ, ಆಮೇಲೆ ದಿಂಬು ಒತ್ತಿ ಕೆಮ್ಮಲಿ. ಹೊಟ್ಟೆಯ ಸ್ನಾಯು ಎಷ್ಟು ಜಿಗಿಯುತ್ತೆ ಅನ್ನೋ ವ್ಯತ್ಯಾಸ ಆಕೆಯೇ ಹೇಳ್ತಾಳೆ. ಸ್ವತಃ ಸಿಜೇರಿಯನ್ ಆಗಿರುವ ಸಿಸ್ಟರ್ ಇದ್ದರೆ ಅವರೇ ನಿಮ್ಮ ಒಳ್ಳೆಯ ಮೇಷ್ಟ್ರು.

ಬೆಳಗಿನ ಡ್ಯೂಟಿಯವರಿಗೆ ಕಲಿಸಿ ರಾತ್ರಿಯವರನ್ನು ಮರೆಯೋದು ಸಾಮಾನ್ಯ. ಆದರೆ ರಾತ್ರಿ ನೋವು ದೊಡ್ಡದಾಗಿ ಕಾಣೋದು. ರಾತ್ರಿಯವರಿಗೆ ಇನ್ನೊಂದು ಕೆಲಸ ಹೇಳಿ: ಬಿಪಿ, ಔಷಧ, ಡ್ರಿಪ್ ನೋಡೋದನ್ನು ಆದಷ್ಟು ಒಂದೇ ಸುತ್ತಿಗೆ ತನ್ನಿ, ದೊಡ್ಡ ಲೈಟ್ ಆರಿಸಿ. ನಿದ್ದೆಗೆಟ್ಟವರಿಗೆ ಅದೇ ನೋವು ಜಾಸ್ತಿ ಅನಿಸುತ್ತೆ.

ನರ್ಸಿಂಗ್ ವಿದ್ಯಾರ್ಥಿಗಳು ಪೋಸ್ಟಿಂಗಿಗೆ ಬರುವ ಆಸ್ಪತ್ರೆಯಾದರೆ ಪ್ರತಿಯೊಬ್ಬರಿಗೆ ಇಬ್ಬರು ರೋಗಿಗಳನ್ನು ಒಪ್ಪಿಸಿ, ಆಪರೇಷನ್ನಿನ ಹಿಂದಿನ ದಿನವೇ ಕಲಿಸೋಕೆ ಹೇಳಿ. ಹಿಂದಿನ ದಿನ ಅನ್ನೋದು ಮುಖ್ಯ. ನೋವಿನಲ್ಲಿ ಒದ್ದಾಡುವಾಗ ಹೊಸದು ಯಾರ ತಲೆಗೂ ಹೋಗಲ್ಲ.

ಹಂತ 7: ಕಡೆಯವರನ್ನು ಜೊತೆಗೆ ಸೇರಿಸಿಕೊಳ್ಳಿ, ಎರಡು ವಿಷಯಕ್ಕೆ ತಡೆಯಿರಿ

"ಮೂವತ್ತು ಪೇಷಂಟಿಗೆ ಇಬ್ಬರು ಇದ್ದೀವಿ, ಟೈಮ್ ಎಲ್ಲದ ಮೇಡಂ?" ಅಂತ ಸಿಸ್ಟರ್ ಕೇಳಿದರೆ ವಾದ ಮಾಡಬೇಡಿ. ಅವರು ಹೇಳೋದು ನಿಜ. ಅದಕ್ಕೆ ಉತ್ತರ ಮಂಚದ ಪಕ್ಕದಲ್ಲೇ ಕೂತಿರುತ್ತೆ. ಅತ್ತೆ, ಅಕ್ಕ, ಮಗ, ಯಾರೋ ಒಬ್ಬರು ಇದ್ದೇ ಇರ್ತಾರೆ. ಒಮ್ಮೆ ಅವರಿಗೆ ಕಲಿಸಿದರೆ ದಿಂಬು, ಉಸಿರು, ಹೊರಳಿಸೋದು ಎಲ್ಲ ಅವರೇ ಮಾಡಿಸ್ತಾರೆ. ಸಿಸ್ಟರ್ ನೋವು ಕೇಳಿ ಬರೆದರೆ ಸಾಕು. ಅಂಗೈ, ಪಾದವನ್ನು ಎಣ್ಣೆ ಹಚ್ಚಿ ತಲಾ ಐದು ನಿಮಿಷ ಮೆಲ್ಲಗೆ ನೀವೋದನ್ನೂ ಕಲಿಸಬಹುದು, ಡ್ರಿಪ್ ಇರುವ ಕೈ ಬಿಟ್ಟು.

ಇನ್ನು ತಡೆಯಬೇಕಾದ್ದು. ಒಂದು, ಮೀನಖಂಡ ಒತ್ತೋದು. ಪ್ರೀತಿಯಿಂದ ಕಾಲು ಒತ್ತೋರು ನಮ್ಮಲ್ಲಿ ಜಾಸ್ತಿ. ಆಪರೇಷನ್ ಆಗಿ ಮಲಗಿದವರ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ, ಒತ್ತಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಪಾದ ಸಾಕು, ಮೀನಖಂಡ ಬೇಡ ಅಂತ ಕಾರಣ ಸಮೇತ ಹೇಳಿ. ಎರಡು, ಬಾಣಂತಿಗೆ ಕೆಂಡದ ಕಾವು ಕೊಡೋದು. ಹಸಿ ಗಾಯಕ್ಕೆ, ಮರಗಟ್ಟಿದ ಕಾಲಿಗೆ ಕಾವು ತಾಕಿದರೆ ಸುಟ್ಟಿದ್ದೂ ಗೊತ್ತಾಗಲ್ಲ. ಹೊಟ್ಟೆಗೆ ಬಟ್ಟೆ ಕಟ್ಟೋ ರೂಢಿಯನ್ನು ಮಾತ್ರ ಪೂರ್ತಿ ಬೇಡ ಅನ್ನಬೇಡಿ. ಡಾಕ್ಟರ್ ಒಪ್ಪಿದರೆ, ಒಗೆದ ಬಟ್ಟೆಯನ್ನು ಉಸಿರಿಗೆ ತೊಂದರೆ ಆಗದ ಹಾಗೆ ಸಡಿಲವಾಗಿ ಕಟ್ಟಿದರೆ ನಡೆಯುವಾಗ ಹೊಟ್ಟೆಗೆ ಆಸರೆ. ಬೆವರಿದರೆ ಬಿಚ್ಚಿ. ಹಿರಿಯರ ಒಂದು ಮಾತಿಗೆ ಹೌದು ಅಂದರೆ, ಬೇಡ ಅಂದ ಇನ್ನೊಂದನ್ನೂ ಕೇಳ್ತಾರೆ.

ಹಾಲು ಕೊಡುವಾಗ ಮಗ್ಗುಲಾಗಿ ಮಲಗಿ ಕೊಡೋದು, ಅಥವಾ ಕೂಸಿನ ಮೈಯನ್ನು ಕಂಕುಳ ಕೆಳಗೆ ಹಾಯಿಸಿ ಹಿಡಿಯೋದು ತೋರಿಸಿ. ಗಾಯದ ಮೇಲೆ ಕೂಸಿನ ಭಾರ ಬೀಳಲ್ಲ.

ಹಂತ 8: ಎದುರು ಮಾತಿಗೆ ತಯಾರಿರಿ

ಡಾಕ್ಟರ್ ಕೇಳ್ತಾರೆ: "ಇದಕ್ಕೆ ಆಧಾರ ಏನ್ರಿ?" ಇದೆ. 1964ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹೊಟ್ಟೆ ಆಪರೇಷನ್ ಆದ 97 ಜನರ ಅಧ್ಯಯನ ನಡೆಯಿತು. ನೋವು ಹೇಗಿರುತ್ತೆ, ಹೇಗೆ ಹೊರಳಬೇಕು, ಹೇಗೆ ಉಸಿರಾಡಬೇಕು ಅಂತ ಹೇಳಿಕೊಟ್ಟ ಗುಂಪಿಗೆ ಮಾರ್ಫಿನ್ ತರಹದ ಔಷಧ ಸುಮಾರು ಅರ್ಧದಷ್ಟೇ ಸಾಕಾಯಿತು. 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್, ಸ್ಪರ್ಶದ ಸಂಕೇತ ಬೆನ್ನುಹುರಿಯಲ್ಲೇ ನೋವಿನ ದಾರಿಯನ್ನು ಅಡ್ಡಗಟ್ಟುತ್ತೆ ಅನ್ನೋ ವಿವರಣೆ ಕೊಟ್ಟರು. ಪೆಟ್ಟಾದ ಜಾಗವನ್ನು ನಾವು ಉಜ್ಜಿಕೊಳ್ಳೋದು ಅದಕ್ಕೇ. ಹಾಡಿನ ಬಗ್ಗೆ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 73 ಪ್ರಯೋಗಗಳ ಒಟ್ಟು ವಿಶ್ಲೇಷಣೆ ಬಂತು. ನೋವು, ಆತಂಕ, ನೋವಿನ ಔಷಧದ ಬಳಕೆ ಮೂರೂ ತಗ್ಗಿದ್ದವು. ಆಸ್ಪತ್ರೆಯಲ್ಲಿ ಇರುವ ದಿನ ಮಾತ್ರ ಕಡಿಮೆಯಾಗಲಿಲ್ಲ.

ಇದ್ದದ್ದನ್ನು ಇದ್ದಂತೆ ಹೇಳಿ. 2016ರಲ್ಲಿ ಅಮೆರಿಕದ ನೋವು ತಜ್ಞರ ಸಂಘ ಹೊರಡಿಸಿದ ಮಾರ್ಗಸೂಚಿಯಲ್ಲಿ ಟೆನ್ಸ್ ಯಂತ್ರಕ್ಕೂ, ಮನಸ್ಸನ್ನು ಸಡಿಲಗೊಳಿಸುವ ವಿಧಾನಗಳಿಗೂ ಪರಿಗಣಿಸಬಹುದು ಅಂದಿದ್ದಾರೆ. ಮಸಾಜ್, ಐಸ್ ಬಗ್ಗೆ ಬೇಕು ಅಂತಲೂ ಬೇಡ ಅಂತಲೂ ಹೇಳಿಲ್ಲ. ಅಷ್ಟು ಹೇಳಿದರೆ ಡಾಕ್ಟರಿಗೆ ನಿಮ್ಮ ಮೇಲೆ ನಂಬಿಕೆ ಹೆಚ್ಚಾಗುತ್ತೆ.

ಹಾಡು ಅಂದಾಗ ವಾರ್ಡಿಗೆ ಸ್ಪೀಕರ್ ಹಾಕಬೇಡಿ. ಒಬ್ಬರಿಗೆ ವಚನ ಬೇಕು, ಒಬ್ಬರಿಗೆ ಖವ್ವಾಲಿ, ಮತ್ತೊಬ್ಬರಿಗೆ ತತ್ವಪದ, ಪಕ್ಕದವರಿಗೆ ಏನೂ ಬೇಡ. ಅವರವರ ಫೋನು, ಅವರವರ ಇಯರ್‌ಫೋನು, ಸಣ್ಣ ಸದ್ದು, ಅರ್ಧ ಗಂಟೆ.

ರೋಗಿಯ ಮನೆಯವರ ಮಾತು ಇನ್ನೂ ಕಷ್ಟ: "ಸೂಜಿ ಕೇಳಿದ್ರ ದಿಂಬು ಕೊಡ್ಲಾಕತ್ತಾರ ನೋಡ್ರಿ." ಇದಕ್ಕೆ ಕ್ರಮ ಮುಖ್ಯ. ಮೊದಲು ಔಷಧ ಕೊಡಿ, ಕೊಟ್ಟಿದ್ದನ್ನು ಬಾಯಿಬಿಟ್ಟು ಹೇಳಿ, ಆಮೇಲೆ ದಿಂಬು. "ಕಾಕಾ, ಔಷಧಿ ಕೊಟ್ಟೀನಿ, ಹತ್ಲಾಕ ಸ್ವಲ್ಪ ಹೊತ್ತು ಬೇಕು. ಅಲ್ಲೀತನ ಹಿಂಗ ಹಿಡೀರಿ, ನಾನು ಅರ್ಧ ತಾಸಿಗಿ ಮತ್ತ ಬರ್ತೀನಿ." ಹೇಳಿದ ಮೇಲೆ ಅರ್ಧ ತಾಸಿಗೆ ಹೋಗಲೇಬೇಕು.

ಹಂತ 9: ಕೇಳುವವರು ಇರಲಿ

ವಾರಕ್ಕೊಮ್ಮೆ ಹತ್ತು ಚಾರ್ಟ್ ತೆಗೆದು ನೋಡಿ. ನೋವು ಬರೆದಿದ್ದಾರಾ, ಏನು ಮಾಡಿದರು ಅಂತ ಇದೆಯಾ, ಮತ್ತೆ ಕೇಳಿದ್ದಾರಾ? ಮೂರೇ ಪ್ರಶ್ನೆ. ಲೆಕ್ಕವನ್ನು ವಾರ್ಡಿನ ಹೆಸರಿನಲ್ಲಿ ಹಚ್ಚಿ, ಯಾರೊಬ್ಬರ ಹೆಸರಿನಲ್ಲೂ ಬೇಡ. ರೌಂಡ್ಸಿನಲ್ಲಿ ಸರ್ಜನ್ ಬಾಯಿಂದ "ದಿಂಬು ಹಿಡಿದು ಕೆಮ್ಮಿ ತೋರಿಸ್ರಿ" ಅನ್ನೋ ಒಂದು ಮಾತು ಬಂದರೆ ನಿಮ್ಮ ಹತ್ತು ತರಬೇತಿಗೆ ಸಮ. ಅದನ್ನು ಅವರಿಂದ ಹೇಳಿಸೋಕೆ ಬೆನ್ನು ಬೀಳಿ.

ಚಾರ್ಟಿನ ಗೆರೆ ಖಾಲಿ ಇದ್ದರೆ ಬೈಯುವ ಮೊದಲು ದಿಂಬು ಎಲ್ಲಿದೆ ನೋಡಿ. ಬಹಳ ಸಲ ಅದು ಸ್ಟೋರಿನಲ್ಲಿ ಬೀಗದ ಹಿಂದೆ ಇರುತ್ತೆ.

ಹಂತ 10: ಡಿಸ್ಚಾರ್ಜ್ ದಿನ

ಕಲಬುರಗಿಯಿಂದ ಚಿಂಚೋಳಿಗೆ, ಯಾದಗಿರಿಯಿಂದ ಸುರಪುರಕ್ಕೆ ಬಸ್ಸಿನಲ್ಲೋ ಟಂಟಂನಲ್ಲೋ ಹೊಲಿಗೆ ಹೊತ್ತು ಹೋಗುವವರು ಇವರು. ಹೊರಡುವ ಮುಕ್ಕಾಲು ಗಂಟೆ ಮೊದಲು ನೋವಿನ ಗುಳಿಗೆ ನುಂಗಿಸಿ. ದಿಂಬು ಹೊಟ್ಟೆಗೆ ಒತ್ತಿಕೊಂಡೇ ಕೂರಲಿ, ಹಿಂದಿನ ಸೀಟು ಬೇಡ, ಅಲ್ಲಿ ಕುಲುಕಾಟ ಜಾಸ್ತಿ. ದೂರದ ಊರಾದರೆ ದಾರಿಯಲ್ಲಿ ಒಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಲಿ. ಕಾರ್ಡಿನಲ್ಲಿ ಗುಳಿಗೆಗಳ ಕೆಳಗೆ ದಿಂಬು, ಉಸಿರು, ನಡಿಗೆ ಅಂತ ಬರೆಯಿರಿ. ಅದರ ಕೆಳಗೆ, ನೋವು ಇಳಿಯುವ ಬದಲು ದಿನದಿಂದ ದಿನಕ್ಕೆ ಏರಿದರೆ, ಗಾಯ ಕೆಂಪಾಗಿ ಸೋರಿದರೆ, ಜ್ವರ ಬಂದರೆ ವಾಪಸ್ ಬನ್ನಿ ಅಂತ ದೊಡ್ಡಕ್ಷರದಲ್ಲಿ ಬರೆದು, ಓದು ಬರದವರಿಗೆ ಬಾಯಲ್ಲೂ ಹೇಳಿ ಕಳಿಸಿ.